ಉರಿ

ಸುವೈಖಿನ ಬಾವಿಗಳೊಳಗೆ ಕಡಲು ನುಗ್ಗಿ ವರ್ಷಗಳಾದವು.
ಲಿಂಬೆ ಮೊದಲು ಹೋಯಿತು, ಆಮೇಲೆ ಮಾವು.
ಖರ್ಜೂರ ಮಾತ್ರ ಅರ್ಧ ತಲೆ ಒಣಗಿಸಿಕೊಂಡು ನಿಂತಿದೆ.
ಬಿಟ್ಟುಹೋದ ಅಂಥದೊಂದು ತೋಟದಲ್ಲಿ ನಮ್ಮ ಗಾಜಿನ ಮನೆ.
ನನ್ನ ಕೆಲಸ ಬರೆಯುವುದು:
ತಟ್ಟೆಯ ನಂಬರು, ನೀರಿನ ಉಪ್ಪು, ಎಲೆಯ ಬಣ್ಣ,
ಬದುಕಿದವು ಎಷ್ಟು.

ಎಡಗಡೆ ನಾಡ ಭತ್ತ.
ಒಂದೇ ಎತ್ತರ, ಒಂದೇ ಹಸಿರು,
ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ.
ಬಲಗಡೆ ಕಾಡಿನದು. ಅದಕ್ಕೆ ಸಾಲು ಗೊತ್ತಿಲ್ಲ.
ಒಂದು ಅಡ್ಡ ಮಲಗಿದ್ದರೆ ಇನ್ನೊಂದು
ತಟ್ಟೆಯ ತೂತಿನಿಂದ ಪಕ್ಕದ ಮನೆಗೆ ಬೇರು ಕಳಿಸಿರುತ್ತದೆ.

ಮೊಫಿಜುಲ್ ನೋಡಿದವನೇ ನಕ್ಕುಬಿಟ್ಟ.
"ಇದಕ್ಕೆ ವಿಮಾನದ ಟಿಕೇಟು ಕೊಟ್ಟು ಕರೆಸಿದರಾ?
ಹಾತಿಯಾದಲ್ಲಿ ನಮ್ಮೆಮ್ಮೆ ಮೇಯುವ ಹುಲ್ಲು.
ಉಬ್ಬರಕ್ಕೆ ಮುಳುಗುತ್ತೆ, ಇಳಿತಕ್ಕೆ ಏಳುತ್ತೆ.
ಉರಿ ಅಂತೀವಿ."

ಉರಿ.
ನಾನು ಕುಮಟೆಯವನು. ನನ್ನ ಬಾಯಲ್ಲಿ ಆ ಮಾತಿಗೆ
ಒಲೆಯಿದೆ, ಗಾಯಕ್ಕೆ ಉಪ್ಪು ತಾಗಿದ್ದಿದೆ,
ಯಾರಿಗೂ ಹೇಳದ ಹೊಟ್ಟೆಯೊಳಗಿನದೂ ಇದೆ.
ಅವನ ಬಾಯಲ್ಲಿ ಬರೀ ಹುಲ್ಲು.
ಇಬ್ಬರದೂ ಮುರುಕು ಹಿಂದಿ. ಬಿಡಿಸಿ ಹೇಳಲು ಹೋಗಲಿಲ್ಲ.

ಉಪ್ಪಿನ ಮೀಟರು ಎಂಟು ತೋರಿಸಿದಾಗ ನಾಡ ಭತ್ತದ ತುದಿ ಸುಟ್ಟಿತು.
ಹನ್ನೆರಡಕ್ಕೆ ಎಲೆ ಸುತ್ತಿಕೊಂಡು ಬೀಡಿಯಾಯಿತು.
ಕುಡಿದದ್ದನ್ನೆಲ್ಲ ಒಳಗೇ ಇಟ್ಟುಕೊಂಡಿತ್ತು ಪಾಪ, ಮರ್ಯಾದಸ್ಥ,
ಯಾರ ಮುಂದೆಯೂ ಉಗುಳಲಾರದು.
ಎಷ್ಟು ಸಾವಿರ ವರ್ಷ
ಕಳೆ ಕಿತ್ತು, ನೀರು ಕಟ್ಟಿ, ಹಕ್ಕಿ ಓಡಿಸಿ ಸಾಕಿದೆವಲ್ಲ,
ಕೇಳಿದ್ದು ಇಷ್ಟೇ:
ಕಾಳು ದಪ್ಪ ಮಾಡು, ಕತ್ತಿ ಬರುವ ತನಕ ಉದುರಬೇಡ.
ಮಾಡಿತು. ಅದಕ್ಕಾಗಿ ಏನೇನು ಬಿಟ್ಟುಕೊಟ್ಟಿತೆಂದು
ಆಗ ಬರೆದಿಡಲು ನನ್ನಂಥವನೊಬ್ಬ ಇರಲಿಲ್ಲ.

(ನಮ್ಮ ಗಜನಿಯಲ್ಲಿ ಕಗ್ಗ ಇದೆ, ಹಿನ್ನೀರಿನಲ್ಲಿ ಕತ್ತೆತ್ತಿ ನಿಲ್ಲುವುದು.
ಅದು ನಡುವಿನದು. ಅದನ್ನು ಯಾರೂ ವಿಮಾನ ಹತ್ತಿಸಲಿಲ್ಲ.)

ಉಪ್ಪು ತಿಂದವ ನೀರು ಕುಡಿಯಲೇಬೇಕು:
ಅದು ನಮ್ಮ ಕಡೆಯ ನ್ಯಾಯ.
ಬಲಗಡೆಯದು ಆ ನ್ಯಾಯ ಕೇಳಿದಂತಿಲ್ಲ.
ತಿಂದದ್ದನ್ನು ಎಲೆಯ ಸಣ್ಣ ರೋಮಗಳಿಂದ ಹೊರಗೆ ಹಾಕುತ್ತದೆ.
ಬೆಳಿಗ್ಗೆ ಲೆನ್ಸ್ ಹಿಡಿದರೆ ಪುಡಿಪುಡಿ ಹರಳು.
ಜುವೈನಾ ಮೇಡಂ ಅತ್ತ ತಿರುಗಿದಾಗ
ನಾಲಿಗೆ ತಾಗಿಸಿದೆ.
ಕಡಲು.

ಜುಲೈಯಲ್ಲೊಂದು ರಾತ್ರಿ ಕೂಲರು ಕೆಟ್ಟಿತು.
ಬೆಳಗಾಗುವುದರೊಳಗೆ ಎಡಗಡೆ ಇಡೀ ತರಗತಿ ನೆಲ ನೋಡುತ್ತಿತ್ತು.
ಬಲಗಡೆ ಎಲೆ ಮಡಚಿಕೊಂಡು
ಯಾರದೋ ಜಗಳ ಮುಗಿಯಲೆಂದು ಕಾಯುವವರ ಹಾಗೆ ಕಾದು
ಸಂಜೆಗೆ ಬಿಚ್ಚಿಕೊಂಡಿತು.
ಬರೆದೆ: ಎಡ, ಮೂರು. ಬಲ, ಒಂದು ಬಿಟ್ಟು ಎಲ್ಲ.

ಆದರೂ ಸುಳ್ಳು ಬರೆಯಬಾರದು.
ತೆನೆಗೆ ಹನ್ನೊಂದು ಕಾಳು. ಮೀಸೆಯುದ್ದ ಮುಳ್ಳು.
ಮುಟ್ಟುವ ಮೊದಲೇ ಉದುರಿರುತ್ತದೆ.
ಮೊಫಿಜುಲ್ ಒಂದೊಂದು ತೆನೆಗೂ ಕಾಗದದ ಚೀಲ ಕಟ್ಟುತ್ತಾನೆ.
ಇದರ ಅನ್ನ ಮಾಡುತ್ತಿದ್ದಿರಾ ಅಂದರೆ
"ನಾನಿ ಸೆರಗೊಡ್ಡಿ ಬಡಿಯುತ್ತಿದ್ದಳು.
ಮುಕ್ಕಾಲು ಕೆಸರಿಗೆ. ನಮಗೆ ಹಿಡಿಯಷ್ಟು."

ಮಧ್ಯಾಹ್ನ ಹನ್ನೆರಡೂವರೆಯ ವಿರಾಮಕ್ಕೆ
ಅವನು ನೀಲಿ ಅಂಗಿ ಬಿಚ್ಚಿ ಬೇಲಿಗೆ ಹಾಕುತ್ತಾನೆ.
ಬೆನ್ನ ತುಂಬ ಬಿಳಿಯ ಗೆರೆಗಳು, ಇಳಿತದ ಗುರುತಿನ ಹಾಗೆ.
ನನ್ನ ಅಂಗಿ ಇಸ್ತ್ರಿಯದು.

ಎರಡನ್ನೂ ಕೂಡಿಸಿ ಮೇಡಂ ಒಂದು ಸಸಿ ಎಬ್ಬಿಸಿದ್ದಾರೆ,
ಇನ್ನೂರರಲ್ಲಿ ಒಂದು, ಕೊಳವೆಯಲ್ಲಿ, ಬೆರಳುದ್ದ.
ಇನ್ನೂ ಅದಕ್ಕೆ ಉಪ್ಪು ತೋರಿಸಿಲ್ಲ.
ಭಾನುವಾರ ತೋರಿಸುತ್ತೇವೆ.
"ದೊಡ್ಡದಾದ ಮೇಲೆ ಉದುರುತ್ತಾ, ಕಾಯುತ್ತಾ?"
ಮೊಫಿಜುಲ್ ಕೇಳಿದ.
ಗೊತ್ತಿಲ್ಲ ಅಂದೆ.

ಡಬ್ಬಿ ಬಿಚ್ಚಿ ಉಣ್ಣಲು ಕೂತೆವು.
ಅನ್ನಕ್ಕೆ ಉಪ್ಪು ಸಾಲದಾಗಿತ್ತು.